ರಜೋನಿವೃತ್ತಿಯ ನಂತರ ಮೈತೂಕ: ಉಪವಾಸವೊಂದೇ ಉತ್ತರವಲ್ಲ

“ಊಟ ಮೊದಲಿನಷ್ಟೇ ಇದೆ ಡಾಕ್ಟರೇ, ಹೊಟ್ಟೆ ಮಾತ್ರ ಬೆಳೆಯುತ್ತಲೇ ಇದೆ.” ಐವತ್ತರ ಆಸುಪಾಸಿನ ತಾಯಂದಿರು ಹೇಳುವ ಈ ಮಾತು ಸುಳ್ಳಲ್ಲ.

ಸತತ 12 ತಿಂಗಳು ಮುಟ್ಟು ಕಾಣದಿದ್ದರೆ ಅದು ರಜೋನಿವೃತ್ತಿ. ಸುಶ್ರುತಾಚಾರ್ಯರು ಇದಕ್ಕೆ 50ರ ವಯಸ್ಸನ್ನು ಹೇಳಿದ್ದಾರೆ. ಇಂದು ಹಲವರಿಗೆ ಕೆಲವು ವರ್ಷ ಮೊದಲೇ ಬರುತ್ತದೆ. ಆಗ ಅಂಡಾಶಯದ ಈಸ್ಟ್ರೋಜೆನ್ ಕುಗ್ಗಿ, ತೊಡೆ ಮತ್ತು ನಿತಂಬಗಳಲ್ಲಿ ಸೇರುತ್ತಿದ್ದ ಮೇದಸ್ಸು ಹೊಟ್ಟೆಯೊಳಗೆ ಶೇಖರವಾಗತೊಡಗುತ್ತದೆ. ವಯೋಧರ್ಮದಿಂದ ಮಾಂಸಖಂಡಗಳು ಕ್ಷೀಣಿಸಿ, ದೇಹವು ವ್ಯಯಿಸುವ ಶಕ್ತಿಯೂ ಕಡಿಮೆಯಾಗುತ್ತದೆ. ಹಳೆಯ ಊಟವೇ ಈಗ ಹೆಚ್ಚಾಗುವುದು ಹೀಗೆ. ಸೊಂಟದ ಸುತ್ತಳತೆ 80 ಸೆಂಟಿಮೀಟರ್ ಮೀರಿದರೆ ಮಧುಮೇಹ, ಹೃದ್ರೋಗಗಳ ಸಂಭವ ಹೆಚ್ಚು.

ಅನೇಕರು ಇದಕ್ಕೆ ಉಪವಾಸದ ಮೊರೆ ಹೋಗುತ್ತಾರೆ. ಸೋಮವಾರ ಹಗಲೆಲ್ಲ ಬರಿಹೊಟ್ಟೆ. ಸಂಜೆ ಸಾಬೂದಾಣಿ, ಬಾಳೆಹಣ್ಣು, ಸಿಹಿ ಚಹಾ! ಇದರಿಂದ ಪಿಷ್ಟ, ಸಕ್ಕರೆಗಳು ಸೇರುತ್ತವೆಯೇ ಹೊರತು ಮಾಂಸಖಂಡಕ್ಕೆ ಬೇಕಾದ ಪ್ರೋಟೀನ್ ದೊರೆಯದು. ವ್ರತವು ಭಕ್ತಿಯ ವಿಷಯ. ಅದನ್ನು ತೂಕ ಇಳಿಸುವ ಔಷಧವೆಂದು ಭಾವಿಸಬಾರದು. ಮಧುಮೇಹಕ್ಕೆ ಔಷಧ ಸೇವಿಸುವವರು ವೈದ್ಯರನ್ನು ಕೇಳದೆ ಉಪವಾಸ ಮಾಡಲೇಬಾರದು.

ಸ್ಥೂಲರ ಆಹಾರವು ಹೊಟ್ಟೆ ತುಂಬಿಸಬೇಕು, ಮೇದಸ್ಸನ್ನು ಬೆಳೆಸಬಾರದು ಎಂಬುದು ಚರಕರ ಅಭಿಪ್ರಾಯ. ಅವರು ಹೇಳಿದ ಜವೆಗೋಧಿ, ಹಾರಕ, ಹೆಸರು, ಹುರುಳಿಗಳು ಇಂದಿಗೂ ನಮಗೆ ಲಭ್ಯ. ಮಧ್ಯಾಹ್ನ ಒಂದೆರಡು ಜೋಳದ ರೊಟ್ಟಿ, ಅದರೊಡನೆ ಧಾರಾಳವಾಗಿ ಮೊಳಕೆಕಾಳಿನ ಪಲ್ಯ, ಸೊಪ್ಪು, ಮಜ್ಜಿಗೆ ಇರಲಿ. ಅನ್ನವನ್ನು ಅರ್ಧಕ್ಕೆ ಇಳಿಸಿ. ರಾತ್ರಿಯ ಊಟ ಬೇಗನೆ ಮುಗಿಯಲಿ. ಮೂಳೆಗಳ ಬಲಕ್ಕೆ ರಾಗಿ, ಎಳ್ಳು, ಹಾಲು ಬೇಕು. ಶೇಂಗಾ ಚಟ್ನಿ ಒಳ್ಳೆಯದು, ಆದರೆ ಒಂದು ಚಮಚ ಸಾಕು.

ಆಹಾರದಷ್ಟೇ ವ್ಯಾಯಾಮವೂ ಮುಖ್ಯ. ವಾರಕ್ಕೆ ಐದು ದಿನ 30 ನಿಮಿಷ ಚುರುಕಾಗಿ ನಡೆಯಿರಿ. ನಡಿಗೆಯೊಂದರಿಂದಲೇ ಮಾಂಸಖಂಡ ಬಲಿಯದು. ವಾರಕ್ಕೆ ಎರಡು ದಿನ ಕೈ ಊರದೆ ಕುರ್ಚಿಯಿಂದ ಹತ್ತು ಬಾರಿ ಎದ್ದು ಕೂರುವುದು, ನೀರು ತುಂಬಿದ ಬಾಟಲಿಗಳನ್ನು ಎತ್ತಿ ಇಳಿಸುವುದು ಮುಂತಾದ ಅಭ್ಯಾಸ ಮಾಡಿರಿ. ಮಂಡಿನೋವಿದ್ದವರು ವೈದ್ಯರ ಸಲಹೆ ಪಡೆಯಬೇಕು.

ಆಯಾಸ, ಮಲಬದ್ಧತೆಗಳೊಡನೆ ತೂಕ ಏರುತ್ತಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿರಿ. ಪೇಟೆಯಲ್ಲಿ ಮಾರುವ “ತೂಕ ಇಳಿಸುವ” ಚೂರ್ಣಗಳನ್ನು ನಂಬಬೇಡಿರಿ. ಗುಗ್ಗುಲುವಿನಂತಹ ಔಷಧವನ್ನೂ ವೈದ್ಯರ ಸಲಹೆಯಿಲ್ಲದೆ ಸೇವಿಸಬಾರದು.

ಕೊನೆಯದಾಗಿ, ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ಸಂಕೋಚದಿಂದ ಮುಚ್ಚಿಡಬೇಡಿರಿ. ಅದು ಗರ್ಭಕೋಶದ ಕ್ಯಾನ್ಸರಿನ ಸೂಚನೆಯಾಗಿರಬಹುದು. ತಡಮಾಡದೆ ಸ್ತ್ರೀರೋಗ ತಜ್ಞರನ್ನು ಕಾಣಿರಿ. ಬೇಗ ಪತ್ತೆಯಾದರೆ ಗುಣವಾಗುವ ಅವಕಾಶ ಹೆಚ್ಚು. ಮನೆಯವರೆಲ್ಲರ ಆರೋಗ್ಯ ವಿಚಾರಿಸುವ ತಾಯಂದಿರು ತಮ್ಮ ದೇಹದ ಮಾತಿಗೂ ಕಿವಿಗೊಡಲಿ.