ಲಿಂಕ್ ಕಳಿಸುವ ಮುನ್ನ

ಮಲಾಜ್‌ನ ಮನೆಯಲ್ಲಿ ಕೂತು ನೀವು ರಾಜ್ಯೋತ್ಸವ ಕಾರ್ಯಕ್ರಮಕ್ಕೆ ಒಂದು ವೆಬ್ ಪುಟ ಮಾಡಿದ್ದೀರಿ ಎಂದುಕೊಳ್ಳೋಣ. ಅದರ ಲಿಂಕನ್ನು ಮನೆಯವರ ವಾಟ್ಸ್‌ಆಪ್ ಗುಂಪಿಗೆ ಹಾಕಿದಿರಿ. ಚಿತ್ರವಿಲ್ಲ, ಹೆಸರಿಲ್ಲ, ಬರೀ ನೀಲಿ ಅಕ್ಷರದ ಉದ್ದ ಸಾಲು. ಊರಿನಲ್ಲಿರುವ ಅಜ್ಜಿ ಅದನ್ನು ಮುಟ್ಟುವುದಿಲ್ಲ. ಗೊತ್ತಿಲ್ಲದ ಲಿಂಕ್ ಒತ್ತಬೇಡಿ ಎಂದು ಅವರಿಗೆ ಹೇಳಿಕೊಟ್ಟವರು ನೀವೇ ತಾನೆ!

ವಿಳಾಸದಲ್ಲೇ ಕನ್ನಡ ಇದ್ದರೆ ಸಾಲು ಇನ್ನೂ ವಿಚಿತ್ರ. 'ಕನ್ನಡ' ಎಂಬ ಮೂರಕ್ಷರದ ಪದ ಕಂಪ್ಯೂಟರಿಗೆ ಐದು ಸಂಕೇತ. ಒಂದೊಂದಕ್ಕೂ ಮೂರು ಬೈಟ್. ಲಿಂಕ್ ನಕಲು ಮಾಡಿದಾಗ ಒಂದೊಂದು ಬೈಟೂ ಶೇಕಡಾ ಚಿಹ್ನೆ ಸೇರಿ ಮೂರು ಅಕ್ಷರವಾಗಿ, ಒಟ್ಟು 45 ಆಗುತ್ತದೆ. ವಿಳಾಸವನ್ನು ಚಿಕ್ಕದಾಗಿ ಇಂಗ್ಲಿಷಿನಲ್ಲೇ ಇಡಿ. ಕನ್ನಡ ಕಾರ್ಡಿನಲ್ಲಿ ಕಾಣಲಿ.

ಆ ಕಾರ್ಡನ್ನು ವಾಟ್ಸ್‌ಆಪ್ ತಾನಾಗಿ ಬರೆಯುವುದಿಲ್ಲ. 2010ರಲ್ಲಿ ಫೇಸ್‌ಬುಕ್ 'ಓಪನ್ ಗ್ರಾಫ್' ಎಂಬ ಪದ್ಧತಿ ತಂದಿತು. ಪುಟದ ಹೆಡ್ ಭಾಗದಲ್ಲಿ ಶೀರ್ಷಿಕೆ, ವಿವರಣೆ, ಚಿತ್ರ, ವಿಳಾಸ ಎಂದು ನಾಲ್ಕು ಮೆಟಾ ಟ್ಯಾಗ್ ಬರೆದರೆ ಆಪ್‌ಗಳು ಅದನ್ನೇ ಓದುತ್ತವೆ. ಅಂದರೆ ಕಾರ್ಡಿನಲ್ಲಿರುವುದು ಪುಟದ ಮಾಲೀಕನ ಮಾತು. ಮೋಸಗಾರನೂ ಅಲ್ಲಿ ಬ್ಯಾಂಕಿನ ಹೆಸರು, ಲೋಗೋ ಹಾಕಬಹುದು! ಅಜ್ಜಿಗೆ ಕಾರ್ಡಿನ ಕೆಳಗಿನ ಸೈಟಿನ ಹೆಸರನ್ನು ಓದಲು ಕಲಿಸಿ.

ಟ್ಯಾಗ್ ಬರೆದರೂ ಚಿತ್ರ ಬರದಿದ್ದರೆ ಮೊದಲು ಅದರ ವಿಳಾಸ ನೋಡಿ. 'ಎಚ್‌ಟಿಟಿಪಿಎಸ್'ನಿಂದ ಶುರುವಾಗುವ ಪೂರ್ತಿ ವಿಳಾಸವೇ ಬೇಕು, ಬರೀ ಫೈಲಿನ ಹೆಸರು ಸಾಲದು. ಅಗಲ 1200, ಎತ್ತರ 630 ಪಿಕ್ಸೆಲ್ ಇರಲಿ. ತೂಕ 300 ಕೆಬಿಯೊಳಗೆ ಇದ್ದರೆ ನೆಮ್ಮದಿ. ಪುಟ ತೆರೆದ ಮೇಲೆ ಜಾವಾಸ್ಕ್ರಿಪ್ಟ್ ತಂದು ಸೇರಿಸುವ ಟ್ಯಾಗ್‌ಗಳು ಹೆಚ್ಚಿನ ಆಪ್‌ಗಳಿಗೆ ಕಾಣುವುದೇ ಇಲ್ಲ. ರಿಯಾಕ್ಟ್ ಕಲಿತವರು ಎಡವುವುದು ಇಲ್ಲೇ.

ನಮ್ಮದೇ ಆದ ಒಂದು ತೊಂದರೆಯೂ ಇದೆ. ಶೀರ್ಷಿಕೆಯನ್ನು ಚಿತ್ರವಾಗಿಸುವ ಕೆಲವು ಪ್ರೋಗ್ರಾಂಗಳಿಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. 'ರಾಜ್ಯೋತ್ಸವ'ದ ಜ-ಯ, ತ-ಸ ಬಿಡಿಬಿಡಿಯಾಗಿ ನಿಲ್ಲುತ್ತವೆ. ಪೈಥಾನಿನ ಪಿಲ್ಲೋ ಬಳಸುವುದಾದರೆ ಜೊತೆಗೆ 'ರಾಕ್ಮ್' ಎಂಬ ಲೈಬ್ರರಿ ಇರಬೇಕು. ಅದಕ್ಕಿಂತ ಸುಲಭ, ಪೋಸ್ಟರನ್ನು ಕೈಯಾರೆ ಮಾಡಿ, ಗೊತ್ತಿರುವವರಿಗೆ ಒಮ್ಮೆ ಓದಲು ಕೊಡಿ.

ತಿದ್ದಿದ ಮೇಲೂ ಹಳೆಯ ಕಾರ್ಡೇ ಬರುತ್ತಿದೆಯೇ? ಆಪ್‌ಗಳು ಒಮ್ಮೆ ಓದಿದ್ದನ್ನು ನೆನಪಿಟ್ಟುಕೊಳ್ಳುತ್ತವೆ. ಫೇಸ್‌ಬುಕ್‌ಗೆ 'ಶೇರಿಂಗ್ ಡೀಬಗರ್', ಲಿಂಕ್ಡ್‌ಇನ್‌ಗೆ 'ಪೋಸ್ಟ್ ಇನ್‌ಸ್ಪೆಕ್ಟರ್', ಟೆಲಿಗ್ರಾಂಗೆ 'ವೆಬ್‌ಪೇಜ್ ಬಾಟ್' ಇವೆ. ಲಿಂಕ್ ಕೊಟ್ಟರೆ ಅವು ಪುಟವನ್ನು ಮತ್ತೆ ಓದಿಸುತ್ತವೆ. ವಾಟ್ಸ್‌ಆಪ್‌ನಲ್ಲಿ ಕಾರ್ಡ್ ತಯಾರಾಗುವುದು ಕಳಿಸುವವರ ಫೋನಿನಲ್ಲಿ. ಆಗಲೇ ಹೋದ ಸಂದೇಶ ಸರಿಯಾಗುವುದಿಲ್ಲ. ಆದ್ದರಿಂದ ಮೊದಲು ನಿಮಗೆ ನೀವೇ ಕಳಿಸಿಕೊಳ್ಳಿ. ಲಿಂಕ್ ಅಂಟಿಸಿದೊಡನೆ ಕಳಿಸುವ ಗುಂಡಿ ಒತ್ತಬೇಡಿ. ಮೇಲೆ ಕಾರ್ಡ್ ಮೂಡುವವರೆಗೆ ಎರಡು ಸೆಕೆಂಡು ತಡೆಯಿರಿ.