ಪುಪ್ಪುಸದ ನಾರನ್ನು ಅಳೆಯುವ ಬಗೆ



ಹಂಸಭಾವಿಯ ಸುತ್ತಲಿನ ಒಕ್ಕಲು ಮನೆಗಳಲ್ಲಿ ಕೆಮ್ಮುದಮ್ಮುಗಳನ್ನು ಮುಪ್ಪಿನ ಫಲವೆಂದು ಸಹಿಸಿಕೊಳ್ಳುವ ಹಿರಿಯರುಂಟು. ಅವಕ್ಕೆ ಕಾರಣಗಳು ಹಲವು. ಪುಪ್ಪುಸವು ನಾರುಗಟ್ಟುವದು ಅವುಗಳಲ್ಲೊಂದು. ವೈದ್ಯರು ಇದನ್ನು ಫೈಬ್ರೋಸಿಸ್ ಎನ್ನುವರು. ಗಾಯ ಮಾಯ್ದಲ್ಲಿ ಚರ್ಮವು ಬಿರುಸಾಗುವಂತೆ ಮೃದುವಾದ ಪುಪ್ಪುಸವು ಬಿಗಿದು, ಉಸಿರು ಗಿಡ್ಡಾಗುವದು. ಬೂಷ್ಟು ಹಿಡಿದ ಮೇವುಕಾಳುಗಳ ಧೂಳಿಯಿಂದ ಕೆಲವರಿಗೆ ಇದು ಬರುವದು; ಕಲ್ಲಿನ ಧೂಳಿಯಿಂದಲೂ ಬರುವದು. ಕೋಲಾರದ ಚಿನ್ನದ ಗಣಿಗಳಲ್ಲಿ ಇಂಥ ರೋಗವು 1934ರಲ್ಲಿಯೇ ವರದಿಯಾಗಿತ್ತು. ಕಾರಣವೇ ತಿಳಿಯದೆ ಬರುವ ಬಗೆಯೂ ಒಂದುಂಟು.

ಆ ಕಾಲಕ್ಕೆ ಸಾದಾ ಕ್ಷ-ಕಿರಣದ ಚಿತ್ರವೇ ವೈದ್ಯರ ಆಸರೆ. 1971ರಲ್ಲಿ ಇಂಗ್ಲಂಡಿನ ಗಾಡ್‌ಫ್ರೀ ಹೌನ್ಸ್‌ಫೀಲ್ಡರ ಸಿ.ಟಿ. ಯಂತ್ರವು ಮೊದಲ ರೋಗಿಯ ತಲೆಯನ್ನು ಪರೀಕ್ಷಿಸಿತು. ಇಂದು ಅಂಥ ಯಂತ್ರಗಳು ಹುಬ್ಬಳ್ಳಿ, ದಾವಣಗೆರೆಗಳಲ್ಲಿಯೂ ಇರುವವು. ಅವು ಎದೆಯನ್ನು ಸುಮಾರು 1 ಮಿಲಿಮೀಟರಿನ ತೆಳುಪದರುಗಳಾಗಿ ತೋರಿಸಿ, ಪ್ರತಿಯೊಂದು ಬಿಂದುವಿಗೂ ಸಾಂದ್ರತೆಯ ಅಂಕವನ್ನು ಕೊಡುವವು. ನೀರಿಗೆ ಸೊನ್ನೆ, ಗಾಳಿಗೆ ಋಣ 1000. ಗಾಳಿ ತುಂಬಿದ ನಿರೋಗಿ ಪುಪ್ಪುಸಕ್ಕೆ ಸುಮಾರು ಋಣ 850. ನಾರು ಹೆಚ್ಚಿದಂತೆ ಅಂಕವು ಸೊನ್ನೆಯ ಕಡೆಗೆ ಸರಿಯುವದು. ಪುಪ್ಪುಸದ ಎಷ್ಟು ಪಾಲು ಹೀಗಾಗಿದೆಯೆಂಬುದನ್ನು ಗಣಕಯಂತ್ರವು ಎಣಿಸಬಲ್ಲದು.

ಆದರೆ ಇಲ್ಲೊಂದು ಎಚ್ಚರಿಕೆ ಬೇಕು. ಅರ್ಧ ಉಸಿರಿನಲ್ಲಿ ಚಿತ್ರ ತೆಗೆದರೆ, ಗಾಳಿಯು ಕಡಿಮೆಯಾದುದರಿಂದ ಪುಪ್ಪುಸವು ಸಾಂದ್ರವಾಗಿ ಕಾಣುವದು. ಬೆಳೆಯದ ರೋಗವೂ ಬೆಳೆದಂತೆ ತೋರುವದು. ಒಮ್ಮೆ ಸೇರನ್ನು ಗೋಪುರದಂತೆ ತುಂಬಿ, ಇನ್ನೊಮ್ಮೆ ಸಮನಾಗಿ ತುಂಬಿ ಅಳೆದರೆ ರಾಶಿಯ ಲೆಕ್ಕವು ಕೂಡುವದುಂಟೇ? ಆದುದರಿಂದ ಪ್ರತಿಸಲವೂ ಎದೆತುಂಬ ಉಸಿರೆಳೆದು ಹಿಡಿಯಬೇಕು. ಮಲಗುವ ಭಂಗಿ, ಪದರಿನ ದಪ್ಪ, ಸಾಧ್ಯವಾದರೆ ಯಂತ್ರವೂ ಒಂದೇ ಇರಬೇಕು.

ಚಿತ್ರವೊಂದೇ ತೀರ್ಪೂ ಅಲ್ಲ. ಕಾರಣ ತಿಳಿಯದ ಬಗೆಯನ್ನುಳಿದು ಮಿಕ್ಕವಕ್ಕೆ ಶ್ವಾಸವೈದ್ಯರ ಅಂತರರಾಷ್ಟ್ರೀಯ ಸಂಘಗಳು 2022ರಲ್ಲಿ ನಿಯಮವೊಂದನ್ನು ಗೊತ್ತುಪಡಿಸಿದವು. ಒಂದು ವರ್ಷದೊಳಗೆ ದಮ್ಮು ಮೊದಲಾದವು ಹೆಚ್ಚುವದು, ಊದಿ ಅಳೆಯುವ ಉಸಿರಿನ ಪರೀಕ್ಷೆಯ ಅಂಕ ಇಳಿಯುವದು, ಚಿತ್ರದಲ್ಲಿ ನಾರು ಬೆಳೆಯುವದು—ಈ ಮೂರರಲ್ಲಿ ಎರಡಾದರೂ ಕಂಡು, ಅದಕ್ಕೆ ಬೇರೆ ಕಾರಣವಿಲ್ಲದಿದ್ದರೆ ರೋಗವು ಮುಂದುವರಿದಿದೆಯೆಂದು ತಿಳಿಯಬೇಕು. ನಿಂಟೆಡಾನಿಬ್ ಮೊದಲಾದ ಔಷಧಗಳು ಕಟ್ಟಿದ ನಾರನ್ನು ಕರಗಿಸಲಾರವು, ಅದರ ಮುನ್ನಡೆಯನ್ನು ನಿಧಾನಗೊಳಿಸಬಲ್ಲವು. ಕಳೆದುಕೊಂಡ ಉಸಿರು ಮರಳಿ ಬಾರದಾದುದರಿಂದ ಬೇಗ ಅರಿಯುವದರಲ್ಲಿಯೇ ಲಾಭವಿದೆ.

ಹಳೆಯ ಚಿತ್ರವಿಲ್ಲದೆ ಹೊಸದನ್ನು ಹೋಲಿಸುವದೆಂತು? ಆದಕಾರಣ ಮನೆಯ ಹಿರಿಯರ ಚಿತ್ರಗಳನ್ನೂ ವರದಿಗಳನ್ನೂ ಬಿಸುಡದೆ, ತಾರೀಖಿನ ಕ್ರಮದಲ್ಲಿ ಜೋಪಾನವಾಗಿಟ್ಟು, ಮುಂದಿನ ಪರೀಕ್ಷೆಗೆ ಒಯ್ಯಬೇಕೆಂದು ನಮ್ಮ ಬಿನ್ನಹ. ಉಸಿರು ದೇವರು ಕೊಟ್ಟ ದಾನ. ಅದನ್ನು ಕಾಯುವ ಕೆಲಸದಲ್ಲಿ ಇಷ್ಟು ಸೇವೆಯು ನಮ್ಮ ಕೈಯಲ್ಲಿದೆ.