ಮೌಸ್ ಬಂದರೂ ಮಲಗದ ಟಚ್‌ಪ್ಯಾಡ್

ನುಡಿ ತಂತ್ರಾಂಶದಲ್ಲಿ ‘ಸ್ತ್ರೀ’ ಎಂದು ಬರೆಯಲು, ಶಿಫ್ಟ್ ಬಿಟ್ಟು ಲೆಕ್ಕ ಹಾಕಿದರೂ, ಆರು ಸಲ ಕೀಲಿ ಒತ್ತಬೇಕು. ಸ, ಒತ್ತು ಕೂಡಿಸುವ ಎಫ್ ಕೀಲಿ, ತ, ಮತ್ತೆ ಎಫ್, ರ, ಕೊನೆಗೆ ಈಕಾರದ ದೀರ್ಘ. ಮೊನ್ನೆ ನಾನು ನಾಲ್ಕನೆಯದರವರೆಗೆ ಬಂದಿದ್ದೆ. ಉಳಿದೆರಡನ್ನು ಒತ್ತಿ ತಲೆಯೆತ್ತಿದರೆ ಕರ್ಸರ್ ಎರಡು ಪ್ಯಾರಾ ಮೇಲಕ್ಕೆ ನೆಗೆದಿತ್ತು. ಕೆಳಗೆ ‘ಸ್ತ್’ ಎಂಬ ಅರೆಬೆಂದ ಅಕ್ಷರ; ಮೇಲೆ ಇನ್ಯಾವುದೋ ಪದದ ಹೊಟ್ಟೆಯೊಳಗೆ, ಅಡುಗೆಮನೆಯಿಂದ ಯಾರೋ ಗಂಡನನ್ನು ಕೂಗಿದ ಹಾಗೆ, ‘ರೀ’.

ಮಾಡಿದ್ದು ಯಾರೆಂದು ಹುಡುಕಬೇಕಿರಲಿಲ್ಲ. ಎಡಗೈ ಹೆಬ್ಬೆರಳಿನ ಬುಡದಲ್ಲಿರುವ ಮಾಂಸದ ಉಬ್ಬು ಟಚ್‌ಪ್ಯಾಡಿನ ಅಂಚಿಗೆ ತಾಗಿತ್ತು. ಬಲಗಡೆ ಮೇಜಿನ ಮೇಲೆ ಮೌಸ್ ಇತ್ತು. ಟಚ್‌ಪ್ಯಾಡಿನಿಂದ ನನಗೆ ಆಗಬೇಕಾದ ಕೆಲಸವೇ ಇರಲಿಲ್ಲ. ಆದರೆ ಅದಕ್ಕೆ ಅದು ಹೇಗೆ ತಿಳಿಯಬೇಕು? ಒಬ್ಬರು ಕೇಳಿದ್ದಕ್ಕೂ ಅವರ ಕೈ ಸುಮ್ಮನೆ ಸೋಕಿದ್ದಕ್ಕೂ ಇರುವ ವ್ಯತ್ಯಾಸ ಆ ಬೂದು ಚೌಕಕ್ಕೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಒಂದೇ: ಇಲ್ಲೊಂದು ಒದ್ದೆ, ಉಪ್ಪುಪ್ಪು ವಸ್ತು ಇದೆ.

ಮನೆಯ ಸೀಲಿಂಗ್ ಫ್ಯಾನ್ ಮೆಲ್ಲಗೆ ತಿರುಗತೊಡಗಿದರೆ ಎಲೆಕ್ಟ್ರಿಷಿಯನ್ ಬಂದು ‘ಕೆಪಾಸಿಟರ್ ಹೋಗಿದೆ’ ಎನ್ನುತ್ತಾರಲ್ಲ, ಟಚ್‌ಪ್ಯಾಡ್ ನಡೆಯುವುದೂ ಅದೇ ತತ್ತ್ವದ ಮೇಲೆ. ಒಂದಕ್ಕೊಂದು ತಾಗದ ಎರಡು ಲೋಹದ ಪಟ್ಟಿಗಳ ನಡುವೆ ವಿದ್ಯುತ್ ಕ್ಷೇತ್ರ ಕಟ್ಟಿಕೊಂಡು ಒಂದಿಷ್ಟು ವಿದ್ಯುದಂಶ ಕೂಡಿಬಿದ್ದಿರುತ್ತದೆ. ಫ್ಯಾನಿನದು ಸಾಮಾನ್ಯವಾಗಿ 2.5 ಮೈಕ್ರೊಫ್ಯಾರಡ್. ಟಚ್‌ಪ್ಯಾಡಿನ ನುಣುಪು ಮೈಯ ಕೆಳಗೆ ಅಡ್ಡಕ್ಕೂ ಉದ್ದಕ್ಕೂ, ಚಾಪೆ ಹೆಣೆದಂತೆ, ತೆಳು ವಾಹಕದ ಗೆರೆಗಳಿವೆ. ಎರಡು ಗೆರೆ ದಾಟುವ ಒಂದೊಂದು ಜಾಗವೂ ಒಂದು ಪುಟ್ಟ ಕೆಪಾಸಿಟರ್. ಅದರ ಅಳತೆ ಪಿಕೊಫ್ಯಾರಡ್‌ಗಳಲ್ಲಿ. ಒಂದು ಪಿಕೊಫ್ಯಾರಡ್ ಎಂದರೆ ಆ ಫ್ಯಾನಿನ ಕೆಪಾಸಿಟರಿನ 25 ಲಕ್ಷದಲ್ಲಿ ಒಂದು ಪಾಲು.

ಅಲ್ಲಿಗೆ ಬೆರಳು ಬಂತೆನ್ನಿ. ನಮ್ಮ ಮೈ ಬಹುಪಾಲು ಉಪ್ಪುನೀರು, ಒಳ್ಳೆಯ ವಾಹಕ. ಗೆರೆಯಿಂದ ಗೆರೆಗೆ ಹಾಯುತ್ತಿದ್ದ ಕ್ಷೇತ್ರದ ಸ್ವಲ್ಪ ಭಾಗವನ್ನು ಬೆರಳು ತನ್ನತ್ತ ಸೆಳೆದುಕೊಳ್ಳುತ್ತದೆ. ಆ ಜಾಗದ ಅಳತೆ ಪಿಕೊಫ್ಯಾರಡಿನ ಒಂದು ಸಣ್ಣ ಚೂರಿನಷ್ಟು ತಗ್ಗುತ್ತದೆ. ಸೆಕೆಂಡಿಗೆ ನೂರರ ಆಸುಪಾಸು ಸಲ ಎಲ್ಲ ಗೆರೆಗಳನ್ನೂ ವಿಚಾರಿಸಿಕೊಂಡು ಬರುವ ಚಿಪ್ ಈ ಕೊರತೆಯನ್ನು ಪತ್ತೆಹಚ್ಚುತ್ತದೆ. ಗೆರೆಗಳ ನಡುವೆ ಸುಮಾರು 5 ಮಿ.ಮೀ. ಅಂತರವಿದ್ದರೂ ಬಾಣ ಕೂದಲೆಳೆಯಷ್ಟು ನಯವಾಗಿ ಜರುಗುವುದಕ್ಕೆ ಕಾರಣ ಒಂದು ಹಳೆಯ ಲೆಕ್ಕ. ಬೆರಳು ಒಂದೇ ಗೆರೆಯ ಮೇಲಲ್ಲ, ಅಕ್ಕಪಕ್ಕದ ಎರಡು ಮೂರರ ಮೇಲೂ ಪ್ರಭಾವ ಬೀರುತ್ತದೆ. ಎಲ್ಲಿ ಎಷ್ಟು ಕೊರತೆಯೆಂದು ತೂಗಿ ಸರಾಸರಿ ತೆಗೆದರೆ ನಡುವಿನ ಬಿಂದು ಸಿಗುತ್ತದೆ. ಉಗುರಿನಿಂದ ಗೀಚಿ ನೋಡಿ, ಪ್ಯಾಡ್ ಮಿಸುಕುವುದಿಲ್ಲ. ಏಲಕ್ಕಿ ಬಾಳೆಹಣ್ಣನ್ನು ಕೈಯಲ್ಲಿ ಹಿಡಿದು ಅದರ ತುದಿಯಿಂದ ಉಜ್ಜಿ, ಬಾಣ ಓಡುತ್ತದೆ. ಬಾಳೆಹಣ್ಣನ್ನೇ ಬೆರಳೆಂದು ನಂಬುವ ಯಂತ್ರದಿಂದ ಅಂಗೈ ಯಾವುದು, ಬೆರಳು ಯಾವುದು ಎಂಬ ವಿವೇಕ ಬಯಸುತ್ತಿದ್ದೇವೆ.

ಅಷ್ಟಕ್ಕೂ ಅದನ್ನು ಅಂಗೈ ಕೆಳಗೇ ಏಕೆ ಇಟ್ಟರು? 1983ರಲ್ಲಿ ಬಂದ ಗ್ಯಾವಿಲಾನ್ ಎಂಬ ಕೈಗಂಪ್ಯೂಟರಿನಲ್ಲಿ ಸ್ಪರ್ಶಪಟ್ಟಿ ಕೀಲಿಮಣೆಯ ಆಚೆ, ಪರದೆಯ ಕಡೆಗಿತ್ತು. ಅಂಗೈ ಅಲ್ಲಿಗೆ ಹೋಗುವ ಮಾತೇ ಇಲ್ಲ. ಆಗಿನ ಲ್ಯಾಪ್‌ಟಾಪ್‌ಗಳಲ್ಲಿ ಕೀಲಿಮಣೆ ನಮ್ಮತ್ತಲಿನ ಅಂಚಿಗೇ ಇರುತ್ತಿತ್ತು. 1991ರಲ್ಲಿ ಆಪಲ್ ತನ್ನ ಪವರ್‌ಬುಕ್‌ಗಳಲ್ಲಿ ಕೀಲಿಮಣೆಯನ್ನು ಹಿಂದಕ್ಕೆ ತಳ್ಳಿ, ಮುಂದೆ ಕೈ ಊರಲು ಜಗಲಿಯಂಥ ಜಾಗ ಬಿಟ್ಟು, ನಡುವೆ ಉರುಳುವ ಚೆಂಡೊಂದನ್ನು ಕೂರಿಸಿತು. ಕೈಗೆ ಹಿತವಾದ ಆ ಜಗಲಿಯನ್ನು ಉಳಿದ ಕಂಪನಿಗಳೂ ಕಟ್ಟಿಕೊಂಡವು. 1994ರ ಪವರ್‌ಬುಕ್ 500 ಸರಣಿಯಲ್ಲಿ ಚೆಂಡು ಹೋಗಿ ಆ ಜಾಗಕ್ಕೆ ಸ್ಪರ್ಶಪಟ್ಟಿ ಬಂತು. ಅಮೆರಿಕದ ಜಾರ್ಜ್ ಗೆರ್ಫೈಡ್ ರೂಪಿಸಿದ ತಂತ್ರ ಅದರೊಳಗಿತ್ತು. ಚೆಂಡಾಗಿದ್ದರೆ ಅಂಗೈ ತಾಗಿತೆಂದು ಸುಲಭಕ್ಕೆ ಉರುಳುತ್ತಿರಲಿಲ್ಲ. ಪಟ್ಟಿ ಹಾಗಲ್ಲ. ಅಲ್ಲಿಂದೀಚೆಗೆ ಅದು ಬೆಳೆಯುತ್ತಲೇ ಬಂದು ಈಗ ಜಗಲಿಯ ಅರ್ಧವನ್ನೇ ನುಂಗಿದೆ. ಬಲಗಡೆ ಅಂಕಿಗಳ ಕೀಲಿಗುಚ್ಛವಿರುವ ದೊಡ್ಡ ಲ್ಯಾಪ್‌ಟಾಪ್‌ಗಳಲ್ಲಿ ಕೆಲವರು ಪ್ಯಾಡನ್ನು ಸ್ಪೇಸ್‌ಬಾರಿನ ಕೆಳಗಿಡದೆ ಡಬ್ಬಿಯ ನಟ್ಟನಡುವೆ ಇಡುತ್ತಾರೆ. ನೋಡಲು ಚೆಂದ, ಬಲ ಅಂಗೈ ಮಾತ್ರ ನೇರವಾಗಿ ಅದರ ಮೇಲೇ ಕೂರುತ್ತದೆ.

ಅಂಗೈಯನ್ನು ಗುರುತಿಸಿ ಕಡೆಗಣಿಸುವ ಪ್ರಯತ್ನ ನಡೆದೇ ಇದೆ. ಸ್ಪರ್ಶದ ಹರವು ದೊಡ್ಡದಾದರೆ ಅಂಗೈ ಇರಬಹುದು. ಅಂಚಿನಿಂದ ಶುರುವಾಗಿ ಅಂಚಿನಲ್ಲೇ ಉಳಿದರೆ ಅಂಗೈ ಇರಬಹುದು. ಈಗಷ್ಟೇ ಕೀಲಿ ಒತ್ತಿದ್ದರೆ ಖಂಡಿತ ಅಂಗೈ ಇರಬಹುದು. ಈ ಕೊನೆಯ ಉಪಾಯವನ್ನು ಲಿನಕ್ಸ್‌ನ ಲಿಬ್‌ಇನ್‌ಪುಟ್ ಎಂಬ ತಂತ್ರಾಂಶ ಬಚ್ಚಿಡದೆ ಬರೆದಿಟ್ಟಿದೆ: ಒಂದು ಅಕ್ಷರ ಒತ್ತಿದರೆ 200 ಮಿಲಿಸೆಕೆಂಡ್, ಒಂದರ ಹಿಂದೊಂದು ಒತ್ತುತ್ತಿದ್ದರೆ 500 ಮಿಲಿಸೆಕೆಂಡ್ ಪ್ಯಾಡಿನ ಮಾತಿಗೆ ಕಿವಿಗೊಡುವುದಿಲ್ಲ. ಆ ಅವಧಿಯಲ್ಲಿ ಊರಿದ ಕೈಯನ್ನು, ಎತ್ತುವವರೆಗೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಚೆನ್ನಾಗಿಯೇ ಯೋಚಿಸಿದ್ದಾರೆ. ಆದರೆ ಬರೆಯುವವನ ಚಾಳಿ ಬೇರೆ. ವಾಕ್ಯದ ನಡುವೆ ಸರಿಯಾದ ಪದ ಸಿಗದೆ ನಿಲ್ಲುತ್ತೇನೆ, ಕೈ ಎತ್ತಿ ಗಲ್ಲ ಕೆರೆಯುತ್ತೇನೆ, ಆರಿದ ಕಾಫಿಯ ಒಂದು ಗುಟುಕು ಕುಡಿದು ಮತ್ತೆ ಕೈ ಊರುತ್ತೇನೆ. ಅರ್ಧ ಸೆಕೆಂಡ್ ಯಾವತ್ತೋ ಕಳೆದಿರುತ್ತದೆ. ಪ್ಯಾಡ್ ಎಚ್ಚೆತ್ತು ಕೂತಿರುತ್ತದೆ. ಊರಿದ ಅಂಗೈಯ ಅಂಚು ಚಿಕ್ಕದಾಗಿ ತಾಗಿ ಕೂಡಲೇ ಮೇಲೆದ್ದರೆ ಅದು ಬೆರಳಿನ ತಟ್ಟೇ ಸರಿ. ತಾಗಿ ಬಿಡಲು 180 ಮಿಲಿಸೆಕೆಂಡಿಗಿಂತ ಕಡಿಮೆ ಹಿಡಿದರೆ ಲಿಬ್‌ಇನ್‌ಪುಟ್ ಅದನ್ನು ಕ್ಲಿಕ್ ಎಂದೇ ಓದುತ್ತದೆ. ಸರಸರನೆ ಟೈಪ್ ಮಾಡುವ ಬೆರಳಚ್ಚುಗಾರರಿಗಿಂತ ತಡವರಿಸಿ ಬರೆಯುವ ನನ್ನಂಥವರಿಗೇ ಈ ಕಾಟ ಹೆಚ್ಚು.

ಇಲ್ಲಿ ಬಾಣ ಬೇರೆ, ಕರ್ಸರ್ ಬೇರೆ ಎಂಬುದನ್ನು ನೆನಪಿಡಬೇಕು. ಅಂಗೈ ತಾಗಿ ಬಾಣ ಪರದೆಯ ಮೂಲೆಗೆ ಓಡಿದರೆ ನಷ್ಟವೇನೂ ಇಲ್ಲ. ಅಕ್ಷರ ಬೀಳುವುದು ಕರ್ಸರ್ ಇದ್ದಲ್ಲಿ. ಆ ತಾಗು ಕ್ಲಿಕ್ ಆದಾಗ ಮಾತ್ರ ಕರ್ಸರ್ ಬಾಣದ ಬಳಿಗೆ ನೆಗೆಯುತ್ತದೆ. ಹಾಗಾಗಿ ತಟ್ಟಿದರೆ ಕ್ಲಿಕ್ ಆಗುವ ಸೌಲಭ್ಯವೊಂದನ್ನೇ ತೆಗೆದುಹಾಕಿ, ಕ್ಲಿಕ್ಕಿಗೆ ಪ್ಯಾಡನ್ನು ಒತ್ತಿಯೇ ತೀರಬೇಕು ಎಂದು ಮಾಡಿಕೊಂಡರೂ ಬಹುಪಾಲು ಉಪದ್ರವ ತಪ್ಪುತ್ತದೆ. ಒಮ್ಮೊಮ್ಮೆ ಮೌಸ್, ಒಮ್ಮೊಮ್ಮೆ ಪ್ಯಾಡ್ ಬಳಸುವವರಿಗೆ ನಾನು ಹೇಳುವುದು ಇದನ್ನೇ.

ಸದಾ ಮೌಸ್ ಹಿಡಿಯುವವರಿಗೆ ಪ್ಯಾಡನ್ನು ಮಲಗಿಸುವುದೇ ಸರಿ. ಇದೊಂದು ಸುಲಭದ ಕೆಲಸವಾಗಬೇಕಿತ್ತು: ಮೌಸ್ ಸಿಕ್ಕಿಸಿದರೆ ಪ್ಯಾಡ್ ಬಂದ್. ಹಲವು ವರ್ಷ ಅದು ಸುಲಭವಾಗಿರಲಿಲ್ಲ. ಕಾರಣ, ಟಚ್‌ಪ್ಯಾಡ್ ಮೌಸಿನ ವೇಷ ಹಾಕಿಕೊಂಡಿತ್ತು.

1987ರಲ್ಲಿ ಐಬಿಎಂ ತನ್ನ ಪಿಎಸ್/2 ಕಂಪ್ಯೂಟರುಗಳೊಂದಿಗೆ ಮೌಸಿಗೊಂದು ಭಾಷೆ ಗೊತ್ತುಮಾಡಿತು. ಮೂರೇ ಬೈಟ್‌ಗಳ ವರದಿ: ಯಾವ ಗುಂಡಿ ಒತ್ತಿದೆ, ಅಡ್ಡಕ್ಕೆ ಎಷ್ಟು ಸರಿದೆ, ಉದ್ದಕ್ಕೆ ಎಷ್ಟು ಸರಿದೆ. ಆಮೇಲೆ ಬಂದ ಟಚ್‌ಪ್ಯಾಡ್‌ಗಳು, ಹೊಸ ತಂತ್ರಾಂಶದ ಹಂಗಿಲ್ಲದೆ ಯಾವ ಕಂಪ್ಯೂಟರಿನಲ್ಲಾದರೂ ನಡೆಯಲೆಂದು, ಅದೇ ಭಾಷೆಯನ್ನು ಬಾಯಿಪಾಠ ಮಾಡಿಕೊಂಡವು. ಬೆರಳು ಎಲ್ಲಿದೆಯೆಂದು ಕರಾರುವಾಕ್ಕಾಗಿ ತಿಳಿದಿದ್ದರೂ ‘ನಾನೊಂದು ಮೌಸ್, ಮೂರು ಹೆಜ್ಜೆ ಬಲಕ್ಕೆ ಸರಿದೆ’ ಎಂದಷ್ಟೇ ಹೇಳುತ್ತಿದ್ದವು. ಕಂಪ್ಯೂಟರಿಗೆ ಕಾಣುತ್ತಿದ್ದದ್ದು ಎರಡು ಮೌಸ್. ಇದರಲ್ಲಿ ಯಾವುದನ್ನು ಬಂದ್ ಮಾಡಬೇಕು?

ವೇಷ ಕಳಚಿಸಲು ಒಂದು ಗುಟ್ಟಿನ ಸಂಕೇತವಿತ್ತು. ಸಿನಾಪ್ಟಿಕ್ಸ್ ಕಂಪನಿಯ ಪ್ಯಾಡ್‌ಗಳಿಗೆ ‘ನಿನ್ನ ರೆಸಲ್ಯೂಷನ್ ಸೊನ್ನೆ ಮಾಡಿಕೋ’ ಎಂಬ ಆಜ್ಞೆಯನ್ನು ನಾಲ್ಕು ಸಲ ಬೆನ್ನುಬೆನ್ನಿಗೆ ಕೊಟ್ಟು, ‘ಈಗ ನಿನ್ನ ಸ್ಥಿತಿ ಹೇಳು’ ಎನ್ನಬೇಕು. ಸಾಮಾನ್ಯ ಮೌಸಿಗೆ ಇದು ಕೇಳಿದ್ದನ್ನೇ ಕೇಳುವ ಹುಚ್ಚಾಟ. ಅದರ ಉತ್ತರದ ನಡುವಿನ ಬೈಟ್ ರೆಸಲ್ಯೂಷನ್ನಿನದು, ಸೊನ್ನೆಯಿಂದ ಮೂರರೊಳಗಿನ ಅಂಕಿ. ಸಿನಾಪ್ಟಿಕ್ಸ್ ಪ್ಯಾಡ್ ಆ ಜಾಗದಲ್ಲಿ 71 ಎಂದು ಉತ್ತರಿಸುತ್ತದೆ. ಯಾವ ಮೌಸೂ ಕೊಡಲಾರದ ಉತ್ತರ. ಬಾಗಿಲನ್ನು ನಾಲ್ಕು ಸಲ ತಟ್ಟಿದರೆ ಒಳಗಿನಿಂದ ಬಹುರೂಪಿ ತನ್ನ ನಿಜದ ಹೆಸರು ಪಿಸುಗುಟ್ಟಿದಂತೆ. ಈ ಸಿನಾಪ್ಟಿಕ್ಸ್ ಹುಟ್ಟಿದ್ದು 1986ರಲ್ಲಿ. ಕಟ್ಟಿದವರಲ್ಲಿ ಒಬ್ಬರು ಇಂಟೆಲ್‌ನ ಮೊದಲ ಮೈಕ್ರೊಪ್ರೊಸೆಸರ್ 4004ರ ವಿನ್ಯಾಸ ಮುನ್ನಡೆಸಿದ ಫೆಡರಿಕೊ ಫಾಗಿನ್, ಇನ್ನೊಬ್ಬರು ಕ್ಯಾಲ್‌ಟೆಕ್‌ನ ಪ್ರಾಧ್ಯಾಪಕ ಕಾರ್ವರ್ ಮೀಡ್. ಮಿದುಳಿನ ನರಜಾಲದಂತೆ ಕೆಲಸ ಮಾಡುವ ಚಿಪ್ ಕಟ್ಟುವುದು ಅವರ ಹಂಬಲವಾಗಿತ್ತು. ಮಿದುಳಿಗೆ ಹೊರಟವರು ಬೆರಳ ತುದಿಗೆ ಬಂದು ನಿಂತರು.

ಆ ಗುಟ್ಟಿನ ಭಾಷೆ ಬಲ್ಲದ್ದು ಕಂಪನಿಯ ಸ್ವಂತ ಡ್ರೈವರ್ ತಂತ್ರಾಂಶ. ಮೌಸ್ ಬಂದಾಗ ಪ್ಯಾಡ್ ಬಂದ್ ಮಾಡುವ ಆಯ್ಕೆಯೂ ಅದರ ಕಿಟಕಿಯಲ್ಲೇ ಇರುತ್ತಿತ್ತು. ಹಳೆಯ ಲ್ಯಾಪ್‌ಟಾಪಿಗೆ ಅಂಗಡಿಯಲ್ಲಿ ಹೊಸದಾಗಿ ವಿಂಡೋಸ್ ಹಾಕಿಸಿಕೊಂಡು ಬಂದಮೇಲೆ ಆ ಆಯ್ಕೆ ಮಾಯವಾಗುತ್ತಿದ್ದುದು ಅದಕ್ಕೇ. ಡ್ರೈವರ್ ಹೋಗಿರುತ್ತಿತ್ತು, ಪ್ಯಾಡ್ ಮರಳಿ ಮೌಸಿನ ವೇಷಕ್ಕೆ ಇಳಿದಿರುತ್ತಿತ್ತು. ಎಚ್‌ಪಿಯ ಕೆಲವು ಮಾದರಿಗಳಲ್ಲಿ ಪ್ಯಾಡಿನ ಎಡ ಮೇಲ್ಮೂಲೆಯನ್ನು ಎರಡು ಸಲ ತಟ್ಟಿದರೆ ಪುಟ್ಟ ದೀಪ ಹೊತ್ತಿ ಪ್ಯಾಡ್ ನಿಲ್ಲುತ್ತಿತ್ತು. ನನಗೆ ಇಷ್ಟವಾದ ಏರ್ಪಾಡು ಅದು. 2013ರಲ್ಲಿ ವಿಂಡೋಸ್ 8.1ರೊಂದಿಗೆ ‘ಪ್ರಿಸಿಷನ್ ಟಚ್‌ಪ್ಯಾಡ್’ ಪದ್ಧತಿ ಬಂದಮೇಲೆ ಪ್ಯಾಡ್‌ಗಳು ವೇಷವಿಲ್ಲದೆ, ಬೆರಳುಗಳು ಎಲ್ಲೆಲ್ಲಿವೆ ಎಂಬ ಹಸಿ ವರದಿಯನ್ನೇ ಒಪ್ಪಿಸತೊಡಗಿದವು. ತೀರ್ಮಾನ ವಿಂಡೋಸಿನದಾಯಿತು.

ಆದ್ದರಿಂದ ಈಗಿನ ವಿಂಡೋಸ್ 11ರಲ್ಲಿ ಆಯ್ಕೆ ಸೆಟ್ಟಿಂಗ್ಸ್‌ನಲ್ಲೇ ಇದೆ: ‘ಬ್ಲೂಟೂತ್ ಆ್ಯಂಡ್ ಡಿವೈಸಸ್’ ಒಳಗೆ ‘ಟಚ್‌ಪ್ಯಾಡ್’. ಮೌಸ್ ಇದ್ದಾಗಲೂ ಪ್ಯಾಡ್ ಚಾಲೂ ಇರಲಿ ಎಂಬರ್ಥದ ಸಾಲಿನ ಮುಂದಿರುವ ಗುರುತನ್ನು ತೆಗೆಯಬೇಕು. ಹಾಕಬೇಕಾದ್ದಲ್ಲ, ತೆಗೆಯಬೇಕಾದ್ದು, ಅನೇಕರು ಎಡವುವುದು ಇಲ್ಲಿಯೇ. ಮ್ಯಾಕ್‌ನಲ್ಲಿ ಇದೇ ಆಯ್ಕೆಯನ್ನು ‘ಆ್ಯಕ್ಸೆಸಿಬಿಲಿಟಿ’ ವಿಭಾಗದ ‘ಪಾಯಿಂಟರ್ ಕಂಟ್ರೋಲ್’ ಒಳಗೆ ಇಟ್ಟಿದ್ದಾರೆ. ಅಂಗವೈಕಲ್ಯವಿರುವವರಿಗೆಂದು ಕಟ್ಟಿದ ಕೋಣೆಯಲ್ಲಿ ಎಲ್ಲರಿಗೂ ಬೇಕಾದ ವಸ್ತು ಸಿಗುವುದು ಇದೇ ಮೊದಲಲ್ಲ.

ಬಂದ್ ಮಾಡುವ ಮುನ್ನ ಒಂದು ಪರೀಕ್ಷೆ ಮಾಡಿ. ಕೈ ತಾಗದಿದ್ದರೂ ಬಾಣ ನಡುಗುತ್ತದೆಯೇ? ಚಾರ್ಜರ್ ಕಿತ್ತಾಗ ಸರಿಹೋಗುತ್ತದೆಯೇ? ಹಾಗಿದ್ದರೆ ದೋಷ ಗೋಡೆಯಲ್ಲಿರಬಹುದು. ಚಾರ್ಜರಿನೊಳಗೆ ಗದ್ದಲ ಸೋಸುವ ಒಂದು ಕೆಪಾಸಿಟರ್ ಇರುತ್ತದೆ. ಅದರ ಮೂಲಕ ತೀರ ಅಲ್ಪ ವಿದ್ಯುತ್ ಈಚೆಗೆ ಜಿನುಗುತ್ತದೆ. ಮೂರನೆಯ ಪಿನ್ನಿಗೆ ಸರಿಯಾದ ಅರ್ಥಿಂಗ್ ಇದ್ದರೆ ಅದು ನೆಲಕ್ಕೆ ಇಳಿದುಹೋಗುತ್ತದೆ. ಅರ್ಥಿಂಗ್ ಇಲ್ಲದ ಹಳೆಯ ಮನೆಯಲ್ಲಿ, ಅಥವಾ ಎರಡು ಪಿನ್ನಿನ ಅಡಾಪ್ಟರ್ ನಡುವೆ ತುರುಕಿದಾಗ, ಅದು ಲ್ಯಾಪ್‌ಟಾಪಿನ ಮೈಯಲ್ಲೇ ಉಳಿಯುತ್ತದೆ. ಲೋಹದ ಮೈಯಾದರೆ ಕೈಗೆ ಜುಮ್ಮೆನ್ನುತ್ತದೆ. ಪಿಕೊಫ್ಯಾರಡಿನ ಚೂರುಗಳನ್ನು ಎಣಿಸುವ ಪ್ಯಾಡಿಗೆ ಆ ಅಲುಗಾಟ ಸಂತೆಯ ಗದ್ದಲ. ಇಂಥ ಕಡೆ ಪ್ಯಾಡ್ ಬಂದ್ ಮಾಡಿದರೆ ಲಕ್ಷಣ ಮುಚ್ಚಿಹೋಗುತ್ತದೆ, ರೋಗ ಉಳಿಯುತ್ತದೆ, ಕರೆಸಬೇಕಾದ್ದು ಎಲೆಕ್ಟ್ರಿಷಿಯನ್ನರನ್ನು. ಕರಾವಳಿಯ ಮಳೆಗಾಲದಲ್ಲಿ, ಬೆವರಿದ ಕೈ ಬಿಟ್ಟುಹೋದ ಹನಿಗಳನ್ನೂ ಪ್ಯಾಡ್ ಬೆರಳೆಂದುಕೊಳ್ಳುವುದುಂಟು. ಅದಕ್ಕೆ ಒಣ ಬಟ್ಟೆ ಸಾಕು.

ಆಯ್ಕೆ ಬದಲಿಸಿದ ಮೇಲೆ ನನಗೆ ಎರಡು ವಾರ ನೆಮ್ಮದಿ. ಒಂದು ಭಾನುವಾರ ರಾತ್ರಿ ಮೌಸಿನ ಸೆಲ್ ಸತ್ತಿತು. ಮನೆಯಲ್ಲಿ ಬೇರೆ ಸೆಲ್ ಇಲ್ಲ, ಗಡಿಯಾರದ್ದನ್ನು ಕೀಳಲು ಮನೆಯವರ ಒಪ್ಪಿಗೆ ಇಲ್ಲ. ಸರಿ, ಪ್ಯಾಡ್ ಇದೆಯಲ್ಲ ಎಂದು ಬೆರಳಿಟ್ಟರೆ ಅದು ಕಲ್ಲಿನಂತೆ ಮಲಗಿತ್ತು. ಮೌಸ್ ಸತ್ತದ್ದು ಕಂಪ್ಯೂಟರಿಗೆ ತಿಳಿದಿರಲೇ ಇಲ್ಲ. ಅದು ಕಾಣುವುದು ಯುಎಸ್‌ಬಿ ಕಿಂಡಿಗೆ ಸಿಕ್ಕಿಸಿದ ರಿಸೀವರನ್ನು. ‘ನಾನು ಮೌಸ್’ ಎಂದು ಹೇಳಿಕೊಳ್ಳುವುದೂ ಆ ರಿಸೀವರೇ. ಮೌಸ್ ಚೀಲದಲ್ಲಿದ್ದರೂ, ಮನೆಯಲ್ಲೇ ಮರೆತು ಬಂದಿದ್ದರೂ ಅದರ ಹೇಳಿಕೆ ಬದಲಾಗುವುದಿಲ್ಲ. ಕೆಲವು ಕೀಲಿಮಣೆಗಳ ರಿಸೀವರ್‌ಗಳಂತೂ ಜೊತೆಗೆ ಮೌಸ್ ಇಲ್ಲದಿದ್ದರೂ ಹಾಗೆ ಹೇಳಿಕೊಳ್ಳುತ್ತವೆ.

ವಿಂಡೋಸ್ ಕೀಲಿ ಒತ್ತಿ, ಇಂಗ್ಲಿಷಿನಲ್ಲಿ ಟಚ್‌ಪ್ಯಾಡ್ ಎಂದು ಬರೆದು, ಎಂಟರ್ ಹೊಡೆದು, ಟ್ಯಾಬ್ ಕೀಲಿಯಿಂದ ಆ ಸಾಲಿನವರೆಗೆ ಹೋಗಿ ಸ್ಪೇಸ್‌ಬಾರ್ ಒತ್ತಿದರೆ ಗುರುತು ಮರಳಿ ಬೀಳುತ್ತದೆ. ಬಾಣದ ನೆರವೇ ಬೇಡ. ನಾನು ಅರ್ಧ ದಾರಿಯವರೆಗೆ ಹಾಗೇ ಹೋಗಿದ್ದೆ. ಆಮೇಲೆ ಹೊಳೆದು, ಉಗುರಿನಷ್ಟು ಗಾತ್ರದ ಆ ರಿಸೀವರನ್ನು ಚಿವುಟಿ ಹೊರಗೆಳೆದೆ. ಬಾಣ ಕದಲಿತು.